ಹೊಂಡದ ಈಚೆ ದಡದಲ್ಲೊಂದು ಸನ್ಮಾನ

ಮನೆ (ಹೊಂಡದ ಈಚೆ ದಡ)
ಜನವರಿ ೧೭, ಬುಧವಾರ

ಪೈಪು ಹೂಳುವವರ ಮೇಸ್ತ್ರಿಯೂ ಪತ್ರ ಬರೆಯುವುದರಲ್ಲಿ ಪರಮ ಸೋಮಾರಿಯೂ ಆದ ನನ್ನ ಅಪ್ಪನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಆ ಊರಿನ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ನಿಲ್ಲಬೇಡ, ಕಿವಿಗೆ ಮಫ್ಲರ್ ಕಟ್ಟಿಕೋ ಎಂದು ಅಮ್ಮ ಹೇಳಿದ್ದಾಳೆ. ಇನ್ನು, ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆಯುವುದಿಲ್ಲ. ಕ್ಷೇಮವಾಗಿಲ್ಲ.

ನೀನು ಅಲ್ಲಿ ಬೀದಿ ಅಗೆಯುತ್ತಿರುವಾಗ ಇಲ್ಲಿ ನಮ್ಮ ಬೀದಿಯನ್ನು ಗ್ಯಾಸ್ ಪೈಪಿನವರು ಅಗೆದಿದ್ದಾರೆ. ಫುಟ್‌ಪಾತ್ ಕಿತ್ತು, ನಮ್ಮ ಹೊಸ್ತಿಲಿನಿಂದ ಒಂದು ಗೇಣು ಬಿಟ್ಟು ಕಂದಕ ತೋಡಿ, ಪೈಪು ಇಳಿಸಿ, ಹೊರಟೇ ಹೋದರು. ಯಾಕೆ ಮುಚ್ಚಲಿಲ್ಲ ಎಂದು ಅಮ್ಮ ಕೇಳಿದರೆ ಅವರ ಸೂಪರ್‌ವೈಸರ್, "ಚಳಿಗೆ ಡಾಂಬರು ಕೂರಲ್ಲಮ್ಮ, ಬಿಸಿಲು ಬರ್ಲಿ" ಎಂದರು. ಅಗೆಯುವುದಕ್ಕೆ ಅಡ್ಡ ಬಾರದ ಚಳಿ ಮುಚ್ಚುವುದಕ್ಕೆ ಮಾತ್ರ ಅಡ್ಡ ಬರುತ್ತದೆ. ಇಂಥ ಸಮಯಸಾಧಕ ಚಳಿಯನ್ನು ನಾನು ಕಂಡಿಲ್ಲ. ನಾನು ಹಾರುತ್ತೇನೆ. ಅಮ್ಮ ಆಫೀಸಿನ ಬಟ್ಟೆಯಲ್ಲೇ ಕಪ್ಪೆಯಂತೆ ಹಾರುತ್ತಾಳೆ. ಅಜ್ಜಿ? ಮಂಡಿ ಆಪರೇಷನ್ ಆದಮೇಲೆ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ನಿನ್ನೆದುರಿಗೇ ಹೇಳಿದ್ದರಲ್ಲ. ವಾಕರ್ ಹಿಡಿದವಳು ಕಂದಕ ಹಾರುತ್ತಾಳೆಯೇ? ಎತ್ತಿಕೊಂಡು ಹೋಗುತ್ತೇವೆಂದರೆ, "ನಾನೇನು ಮೂಟೆನಾ?" ಎಂದು ಬೈದಳು. ಹೊಂಡ ಬಂದಂದಿನಿಂದ ಮೊನ್ನೆಯವರೆಗೆ ಅವಳು ಹೊರಗೆ ಹೋಗಲೇ ಇಲ್ಲ. ಈಗ ಕಾಲು ಬಾಗುತ್ತಿಲ್ಲ. ಹಲ್ಲು ಕಚ್ಚಿಕೊಂಡು ಮಂಚದಿಂದ ಏಳುತ್ತಾಳೆ, ನೋವಿಲ್ಲ ಅನ್ನುತ್ತಾಳೆ. ಸುಳ್ಳು ಹೇಳುವುದನ್ನು ಇಳಿವಯಸ್ಸಿನಲ್ಲಿ ಕಲಿಯುತ್ತಿದ್ದಾಳೆ. ಒಂದು ಹಲಗೆ ಹಾಕಿಸಿ ಎಂದು ಬೇಡಿದಾಗಲೆಲ್ಲ ಸೂಪರ್‌ವೈಸರ್ "ನಾಳೆ" ಎಂದರು. ಅವರ ನಾಳೆಗೆ ಬೆಳಗಾಗುವುದೇ ಇಲ್ಲ.

ಆದಕಾರಣ ನಾನೊಂದು ಸಮಿತಿ ರಚಿಸಿದೆ. ಅಧ್ಯಕ್ಷೆಯೂ ನಾನೇ, ಸದಸ್ಯರೂ ನಾನೇ. "ನಮ್ಮ ಬೀದಿಗೆ ಅಪೂರ್ವ ಆಳವನ್ನು ತಂದುಕೊಟ್ಟ ಮಾನ್ಯರಿಗೆ ನಾಗರಿಕ ಸನ್ಮಾನ" ಎಂದು ದಪ್ಪ ಕಾಗದದ ಮೇಲೆ ಬರೆದು ಆ ಸೂಪರ್‌ವೈಸರ್ ಕಚೇರಿಗೆ ಕೊಟ್ಟು ಬಂದೆ. ಓದಿ ನಾಚಿಕೊಳ್ಳಲಿ ಎಂದು, ಅಷ್ಟೇ. ಅಪ್ಪಾ, ಮಾನ್ಯರು ಬಂದೇಬಿಟ್ಟರು. ಇಸ್ತ್ರಿಯ ಕೋಟು, ಮಿರುಗುವ ಬೂಟು, ಚಪ್ಪಾಳೆಗೆ ಲಾರಿ ತುಂಬ ಕೆಲಸದವರು. ನಾನು ಮುಖ ಬಿಗಿದುಕೊಂಡು ಸನ್ಮಾನದ ಕುರ್ಚಿಯನ್ನು ನಮ್ಮ ಬಾಗಿಲೊಳಗೆ ಇಟ್ಟೆ. ಅವರು ಆಚೆ ದಡದಲ್ಲಿ ನಿಂತರು. ಒಳಗಿಂದ ಅಜ್ಜಿ, "ಬಾಪ್ಪಾ, ಹಾರಿ ಬಾ. ನಾನೂ ಹಾರ್ತೀನಿ ಅಂತ ತಾನೆ ನೀನು ಅಂದ್ಕೊಂಡಿರೋದು?" ಅಂದಳು. ಬೀದಿಯೇ ನಕ್ಕಿತು. ಅವರು ಬೂಟು ನೋಡಿಕೊಂಡರು, ಹೊಂಡ ನೋಡಿದರು, ಲಾರಿಯವರನ್ನು ಕೂಗಿದರು. ಲೋಟದ ಚಹಾ ಆರುವುದರೊಳಗೆ ಹಲಗೆ ಬಂತು, ಕೈಹಿಡಿಯುವ ಕಂಬಿ ಸಮೇತ. ಲಾರಿಯಲ್ಲೇ ಇತ್ತಂತೆ, ಅಪ್ಪಾ. ಇಷ್ಟು ದಿನವೂ ಲಾರಿಯಲ್ಲೇ ಇತ್ತಂತೆ. ನನ್ನ ನಗು ಅಲ್ಲಿಗೇ ಒಣಗಿತು.

ಮಾನ್ಯರು ದಾಟಿ ಬಂದು ಕುರ್ಚಿಯಲ್ಲಿ ಕೂತರು. ನಾನು ಸನ್ಮಾನಪತ್ರ ಓದಿದೆ. ಎರಡನೇ ಸಾಲಿಗೇ ಮಾನ್ಯರಿಗೆ ಅರ್ಥವಾಗಿ, ಕೆಂಪಗಾಗಿ, ಎದ್ದು ವಾಪಸು ದಾಟಿ, "ಎತ್ರೋ ಹಲಗೆ" ಎಂದು ಕೂಗಾಡಿದರು. ಅವರು ಕೂಗಾಡಿದಷ್ಟು ಹೊತ್ತು ಅಜ್ಜಿಗೆ ಸಾಕಾಯಿತು. ನನ್ನ ಕೈಯಲ್ಲಿ ಕುರ್ಚಿಯನ್ನು ಹಲಗೆಯ ನಟ್ಟನಡುವೆ ಹಾಕಿಸಿ, ಕಂಬಿ ಹಿಡಿದು ಬಂದು, ಮಡಚಲಾಗದ ಕಾಲನ್ನು ಮುಂದಕ್ಕೆ ಚಾಚಿ ಕೂತುಬಿಟ್ಟಳು. "ಎತ್ತಿ. ನನ್ನ ಸಮೇತ ಎತ್ತಿ" ಅಂದಳು. ಕೆಲಸದವರು ಆ ಕಾಲು ನೋಡಿದರು, ಲಾರಿ ಹತ್ತಿದರು. ಹಲಗೆ ಉಳಿಯಿತು. ನಿನ್ನೆ ಆಸ್ಪತ್ರೆಗೆ ಹೋಗಿ ಬಂದಳು. ಕಾಲು ಮೊದಲಿನಂತೆ ಬಾಗುತ್ತದೋ ಇಲ್ಲವೋ ಹೇಳಲಾರೆ ಎಂದರಂತೆ ಡಾಕ್ಟರು.

ಅಮ್ಮ ನಿನ್ನನ್ನು ನೆನೆಯುತ್ತಾಳೆ. ನಾನೂ, ಕೋಪ ಇಳಿದಾಗ. ಅಜ್ಜಿ ಈ ಸಲ ಆಶೀರ್ವಾದ ಕಳಿಸಿಲ್ಲ. ಕಾರಣ ಕೆಳಗಿದೆ.

ನಿನ್ನ ಮಗಳು,
ಕಿತಾಪತಿ
(ಅಧ್ಯಕ್ಷೆ, ಹೊಂಡ ಸನ್ಮಾನ ಸಮಿತಿ)

ತಾ.ಕ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಕೆಲಸದ ಜಾಗದಲ್ಲಿ ಹಲ್ಲು ಬಿಟ್ಟು ನಿಂತಿರುವ ಫೋಟೋ ಬಂತು. ಅಜ್ಜಿ ಕನ್ನಡಕ ಹಾಕಿಕೊಂಡು ನಿನ್ನನ್ನು ನೋಡಲಿಲ್ಲ, ನಿನ್ನ ಬೆನ್ನ ಹಿಂದೆ ನೋಡಿದಳು. ಅಲ್ಲೊಂದು ಬಾಗಿಲು. ಬಾಗಿಲಲ್ಲಿ ಊರುಗೋಲು ಹಿಡಿದ ಯಾರೋ ಅಜ್ಜ. ಅವರ ಮುಂದೆ ನಿನ್ನ ಕಂದಕ. ಹಲಗೆಯಿಲ್ಲ. "ಇವನೂ ನಾಳೆ ಅನ್ನೋದು ಕಲ್ತನಾ?" ಎಂದು ಕೇಳಿ ಫೋಟೋ ಮಗುಚಿಟ್ಟಳು. ಉತ್ತರ ಬರೆಯಬೇಡ. ಹಲಗೆ ಹಾಕು, ಆಮೇಲೆ ಇನ್ನೊಂದು ಫೋಟೋ ಕಳಿಸು. ಅದರಲ್ಲಿ ಆ ಅಜ್ಜ ಬೀದಿಯಲ್ಲಿ ನಿಂತಿರಬೇಕು. ನೀನಿರದಿದ್ದರೂ ಸರಿ.