ಒಳಗಿನ ಚಿಲಕ

ಮಾರ್ಚ್ ೧೪, ಗುರುವಾರ. ರಾತ್ರಿ.

ಮತ್ತೆ ಅದೇ ಚಿಲಕ. ಟೈಪ್ ಒನ್ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಇನ್ನೂ ತಿಂಗಳಾಗಿಲ್ಲ. ಇನ್ಸುಲಿನ್ ಸೂಜಿಗೆ ಹೊಟ್ಟೆ ಒಗ್ಗಿಕೊಂಡಿದೆ. ಕೈ ಮಾತ್ರ ಹಳೆಯ ಚಾಳಿ ಬಿಟ್ಟಿಲ್ಲ. ಮಲಗುವ ಮುಂಚೆ ತಾನಾಗಿ ಹೋಗಿ ಒಳಗಿನಿಂದ ಚಿಲಕ ಹಾಕಿಬಿಡುತ್ತದೆ.

ಸಂಜೆ ಪಕ್ಕದ ಮನೆಯ ಟೈಲರಮ್ಮನಿಗೆ ನನ್ನ ಮನೆಯ ಇನ್ನೊಂದು ಕೀ ಕೊಟ್ಟೆ. ಆಕೆಯ ಹೊಲಿಗೆ ಮಷೀನಿನ ಸದ್ದಿಗೆ ಜಗಳವಾಡಿ ನಾನೇ ಮಾತು ಬಿಟ್ಟಿದ್ದೆ. ನರ್ಸ್ ಹೇಳಿಕೊಟ್ಟದ್ದನ್ನು ಗಿಣಿಪಾಠದಂತೆ ಒಪ್ಪಿಸಿದೆ: ಇನ್ಸುಲಿನ್‌ನಿಂದ ರಾತ್ರಿ ರಕ್ತದ ಸಕ್ಕರೆ ತೀರಾ ಇಳಿದುಬಿಡಬಹುದು. ಬೆಳಿಗ್ಗೆ ಫೋನ್ ಎತ್ತದಿದ್ದರೆ ಒಳಗೆ ಬನ್ನಿ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಆಕೆ ಕೀಯನ್ನು ತಿರುಗಿಸಿ ನೋಡಿದಳು. "ಅದೆಲ್ಲಾ ಸರಿ. ನೀವು ಒಳಗಿಂದ ಚಿಲಕ ಹಾಕ್ಕೊಂಡು ಮಲಗಿದ್ರೆ ಈ ಕೀ ಇಟ್ಕೊಂಡು ನಾನೇನು ಕಿವಿ ಕೆರ್ಕೋಬೇಕಾ?"

ಬೀಗ ರಿಪೇರಿಯಿಂದ ಹೊಟ್ಟೆ ಹೊರೆಯುವವನು ನಾನು. ಬೀಗ ಎಂಥದ್ದಿದ್ದರೂ ತೆಗೆಯಬಹುದು. ಒಳಚಿಲಕ ಬಿದ್ದ ಬಾಗಿಲನ್ನು ಒಡೆಯಲೇಬೇಕು. ಹಾಗೆ ಒಡೆದ ಮೇಲೆ ಒಳಗೆ ಕಂಡದ್ದನ್ನು ಬರೆಯುವ ಮನಸ್ಸಿಲ್ಲ.

ರಕ್ತ ಪರೀಕ್ಷೆ ಮಾಡಿಕೊಂಡೆ, ಪರವಾಗಿಲ್ಲ. ಸಕ್ಕರೆ ಡಬ್ಬಿ, ಫೋನ್ ತಲೆದಿಂಬಿನ ಪಕ್ಕದಲ್ಲಿವೆ. ತಿರುಗಿ ನೋಡಿದರೆ ಚಿಲಕ ಬಿದ್ದಿತ್ತು. ಯಾವಾಗ ಹಾಕಿದೆನೋ ನೆನಪೇ ಇಲ್ಲ.

ಸ್ಕ್ರೂ ಡ್ರೈವರ್ ತಂದು ಕಿತ್ತುಹಾಕಿದೆ. ಬೀಗವಿದೆ, ಸಾಕು. ಚಿಲಕವಿದ್ದ ಜಾಗದಲ್ಲಿ ಬಣ್ಣವಿಲ್ಲದ ಗುರುತು ಉಳಿದಿದೆ. ರಾತ್ರಿ ಕೈ ಹೋದರೆ ಅದನ್ನೇ ತಡವಿಕೊಂಡು ಬರಲಿ.

ಗೋಡೆಯಾಚೆ ಮಷೀನು ಇನ್ನೂ ಓಡುತ್ತಿದೆ. ಓಡಲಿ. ಅದು ಓಡುವಷ್ಟು ಹೊತ್ತು ಆಕೆ ಎಚ್ಚರವಾಗಿರುತ್ತಾಳೆ.