ಬಾಗಲಾ ಬಡೀಬಾರದ ಮನಿ

ಮಂಗಲಪೇಟಿ, ಬೀದರ
೨೧ ನವೆಂಬರ ೧೯೪೯, ಸೋಮವಾರ

ಪ್ರೀತಿಯ ಗ್ರೇಸಕ್ಕಾ,

ನಿನ್ನ ತಂಗಿ ಲಿಲ್ಲಿ ಮಾಡೂ ವಂದನಿ. ಕರ್ತನ ದಯದಿಂದ ನಾವಿಬ್ಬರೂ ಇಲ್ಲಿ ಅರಾಮ ಇದ್ದೇವಿ. ನಿನ್ನ ಮೊಣಕಾಲ ಹ್ಯಾಂಗ ಅದ? ಜಹೀರಾಬಾದದ ಬೋರ್ಡಿಂಗಿನ್ಯಾಗ ಎಪ್ಪತ್ತು ಹುಡುಗ್ಯಾರ ಹಿಂದ ಓಡ್ಯಾಡೂ ಕೆಲಸ, ಮ್ಯಾಲ ಥಂಡಿ ಬ್ಯಾರೆ ಸುರು ಆಗ್ಯಾದ. ಎಣ್ಣಿ ಬಿಸಿ ಮಾಡಿ ತಿಕ್ಕೋ ಅಂತ ಹೋದ ಪತ್ರದಾಗ ಬರದಿದ್ದೆ. ತಿಕ್ಕೊಂಡಿರಂಗಿಲ್ಲ ಅಂತ ನನಗ ಗೊತ್ತದ. ಮಂದಿ ಮೊಣಕಾಲ ಆದರ ಹೊತ್ತು ಗೊತ್ತು ನೋಡದೆ ತಿಕ್ಕತಿ, ನಿನ್ನದು ಬಂದರ ಕರ್ತ ನೋಡಕೋತಾನ ಅಂತಿ. ಕರ್ತಗ ಬ್ಯಾರೆ ಕೆಲಸ ಇಲ್ಲೇನು? ನಾ ನರ್ಸ ಆಗಿ ಊರ ಮಂದಿಗೆ ಹೇಳಿದ್ದು ನಡೀತದ, ಮನಿ ಮಂದಿಗೆ ಹೇಳಿದ್ದು ಎಂದೂ ನಡದಿಲ್ಲ.

ಇಲ್ಲಿ ಸುದ್ದಿ ಅಂದ್ರ, ಹಿತ್ತಲ ಗ್ವಾಡಿ ಮಳಿಗೆ ಕುಸದಿತ್ತಲ್ಲ, ಅದನ್ನ ಕಟ್ಟಿಸೇನಿ. ಕರೀ ಕೋಳಿ ಮರಿ ಮಾಡ್ಯಾದ. ಬಂದು ಮೂರು ತಿಂಗಳಾದರೂ ನನ್ನ ಕೈಗೆ ಜ್ವಾಳದ ರೊಟ್ಟಿ ಬಡಿಯೂದು ತಿರುಗಿ ಬರವಲ್ದು. ಆರು ವರ್ಷ ಬಸ್ರಾದಾಗ ದವಾಖಾನಿ ಕೋಣ್ಯಾಗ ಕೂತು ಅಂಗಡಿ ರೊಟ್ಟಿ ತಿಂದ ಕೈ ಇದು. ನಾ ಬಡದ ರೊಟ್ಟಿ ಹಂಚಿಗೆ ಹಾಕೂದರಾಗ ಮೂರು ತುಂಡ ಆಗ್ತದ. ಸುವಾರ್ತಾ ನನ್ನ ಕೈಯಿಂದ ಹಿಟ್ಟ ತಗೊಂಡು ತಾನ ಬಡೀತಾಳ. ಎಂಟು ವರ್ಷದ ಹುಡುಗಿ, ರೊಟ್ಟಿ ಚಂದ್ರನ ಹಂಗ ದುಂಡಗ. ಅಕಿನ್ನ ಹಡದಾಕಿ ನಾನು, ರೊಟ್ಟಿ ಕಲಿಸಿದಾಕಿ ನೀನು. ಹಂಚಿನ ಮುಂದ ಕೂತಾಗೆಲ್ಲ ಅದ ನೆನಪ ಆಗ್ತದ.

ಅಕ್ಕಾ, ಎದುರಿಗೆ ಕೂತು ಆಡಲಾರದ ಮಾತ ಇವತ್ತ ಬರೀತೇನಿ. ನನ್ನ ದಾನಿಯೇಲ ವಾಂತಿಬ್ಯಾನಿಗೆ ತೀರಿಕೊಂಡಾಗ ಸುವಾರ್ತಾಗ ಎರಡು ವರ್ಷ. ಲಡಾಯಿ ದವಾಖಾನಿಗೆ ನರ್ಸ ಬೇಕಾಗ್ಯಾರಂತ, ಎರಡು ವರ್ಷ ಹೋಗಿ ಬರ್ತೇನಿ ಅಂತ ಹೇಳಿ ಕೂಸಿನ್ನ ನಿನ್ನ ಉಡ್ಯಾಗ ಹಾಕಿ ಹಡಗ ಹತ್ತಿದೆ. ಲಡಾಯಿ ಮುಗೀತು. ಬರಬಹುದಿತ್ತು. ಮತ್ತ ನಾಕು ವರ್ಷಕ್ಕ ಸಹಿ ಹಾಕಿದೆ. ಸಾಹೇಬರು ಬಿಡವಲ್ಲರು ಅಂತ ನಿನಗ ಬರದಿದ್ದೆ, ಅದು ಸುಳ್ಳು. ಅಲ್ಲಿ ನನಗ ಛಲೋ ಅನಿಸಿತ್ತು. ನನ್ನ ಯಾರೂ ಗಂಡ ಸತ್ತಾಕಿ ಅಂತ ನೋಡತಿದ್ದಿಲ್ಲ, ಸಿಸ್ಟರ ಲಿಲ್ಲಿ ಅಂತಿದ್ದರು. ಸಂಜಿಮುಂದ ನದಿ ದಂಡಿಗೆ ಖರ್ಜೂರದ ಗಿಡದ ಕೆಳಗ ಒಬ್ಬಾಕಿನ ಅಡ್ಡಾಡತಿದ್ದೆ. ಮಗಳ ನೆನಪ ಆಗತಿತ್ತು, ಇಲ್ಲ ಅಂತಲ್ಲ. ನೀ ಅದೀ ಅನ್ನೂ ಧೈರ್ಯಕ್ಕ ಆ ನೆನಪ ಮಡಚಿ ಪೆಟಿಗ್ಯಾಗ ಇಡತಿದ್ದೆ. ನೀ ಇಲ್ಲದಿದ್ದರ ಓಡಿ ಬರತಿದ್ದೆನೋ ಏನೋ, ಕರ್ತಗ ಗೊತ್ತು.

ಅಗಸ್ಟಿನ್ಯಾಗ ಬಂದ ದಿವಸ ನನ್ನ ಕಣ್ಣಿಗೆ ಕಟ್ಟಿಧಂಗ ಅದ. ಟಾಂಗಾ ಇಳದು, ಬೂಟಗಾಲಿಲೆ ಕಟ್ಟಿ ಏರಿ, ಬಾಗಲಾ ಬಡದೆ. ದವಾಖಾನ್ಯಾಗ ಆರು ವರ್ಷ ಯಾರ ಕೋಣಿಗೆ ಹೋದರೂ ಬಡದ ಹೋಗೂದು ರೂಢಿ. ಒಳಗಿಂದ ಸಪ್ಪಳ ಇಲ್ಲ. ಮತ್ತ ಬಡದೆ, ಈ ಸಲ ಜೋರಲೆ. ನೀ ಬಂದು ತಗದಿ. ನಿನ್ನ ಮಾರಿ ಮ್ಯಾಲ ರಗತ ಇದ್ದಿಲ್ಲ. ನಾ ಬಂದ ಖುಷಿಗೆ ಹಂಗ ಆಗ್ಯಾದ ಅಂತ ತಿಳಕೊಂಡೆ, ನೋಡು ನನ್ನ ಶಾಣ್ಯಾತನ. ಒಳಗ ಪಡಸಾಲಿ ಮೂಲ್ಯಾಗ ಚಾಪಿ ಮ್ಯಾಲ ಹುಡುಗಿ ಕೂತಿತ್ತು. ಬಾ ಅಂದೆ, ಬರಲಿಲ್ಲ. ಗೊಂಬಿ ತೋರಿಸಿದೆ, ನೋಡಲಿಲ್ಲ. ಬೊಂಬಾಯಿಯಿಂದ ರೈಲಿನ್ಯಾಗ ಕೂತು ಅವ್ವ ಅಂತ ಓಡಿ ಬರ್ತಾಳ ಅಂತ ಎಣಿಸಿಕೋತ ಬಂದಾಕಿ ನಾನು, ಸಿಟ್ಟ ಬಂತು. ರಟ್ಟಿ ಹಿಡದು ಜಗ್ಗಿದೆ. ಕೂತಲ್ಲೇ ಉಚ್ಚಿ ಹೊಯ್ಕೊಂಡಳು. ಇಷ್ಟ ದೊಡ್ಡಾಕಿ ಆಗಿ ನಾಚಿಕಿ ಬರಂಗಿಲ್ಲೇನು ಅಂದೆ. ನೀ ಒಂದ ಮಾತ ಅಂದಿ, "ಲಿಲ್ಲಿ, ಕೈ ಬಿಡು." ಆಮ್ಯಾಲ ಅಕಿ ಲಂಗಾ ಬದಲಿಸಿಕೋತ ಇನ್ನೊಂದು ಮಾತ ಹೇಳಿದಿ. ಈ ಮನಿ ಬಾಗಲಾ ಬಡೀಬಾರದು, ಕಟ್ಟಿ ಮ್ಯಾಲ ನಿಂತು ಒಳಗಿನವರ ಹೆಸರ ಮೂರು ಸಲ ಕರೀಬೇಕು. ಯಾಕ ಅಂದೆ. "ನೀ ಇರಲಿಲ್ಲ ಬಿಡು" ಅಂದಿ.

ಆ ಮಾತ ನನಗ ಭಾಳ ನಟ್ಟಿತು. ಇಡೀ ಓಣಿ ಅದನ್ನ ಅಂತದ. ಲಾರಿ ಸಪ್ಪಳ ಕೇಳಿದರ ಎಲ್ಲಾರೂ ಮಾಡೂ ಕೆಲಸ ಬಿಟ್ಟು ನಿಲ್ಲತಾರ, ನಾ ಒಬ್ಬಾಕಿ ಮಾತಾಡಿಕೋತ ಇರತೇನಿ. ಯಾಕ ಅಂದರ, ನೀವು ಇರಲಿಲ್ಲ ಬಿಡ್ರಿ. ನಾ ಹುಟ್ಟಿದ ಊರಾಗ ನಾ ಪರದೇಶಿ ಆದೆ. ಅದರ ಮ್ಯಾಲ ಮಗಳು ನನಗ ನರ್ಸಬಾಯಿ ಅಂತ ಹೆಸರಿಟ್ಟಳು. ನರ್ಸಬಾಯಿ, ಚಹಾ ಆಗ್ಯಾದ್ರಿ. ನರ್ಸಬಾಯಿ, ನೀರ ಕಾದಾವ್ರಿ. ಯಾವ ತಪ್ಪೂ ಇಲ್ಲ, ಎಲ್ಲಾ ಅದಬು ಮರ್ಯಾದಿಲೆ, ಬಂದ ಬೀಗರಿಗೆ ಮಾತಾಡಿಸಿಧಂಗ. ನಿನ್ನ ಮಾತ್ರ ಅವ್ವ ಅಂತಿದ್ದಳು. ದೊಡ್ಡವ್ವ ಅನ್ನು ಅಂತ ನೀ ಕಲಿಸಿದಷ್ಟೂ ನಿನ್ನ ಸೆರಗ ಗಟ್ಟಿ ಹಿಡೀತಿದ್ದಳು. ನನಗ ಹೊಟ್ಟಿಕಿಚ್ಚ ಆಗತಿತ್ತು, ಅಕ್ಕಾ. ನಿನ್ನ ಕೂಡ ಎರಡು ಸಲ ಸುಮ್ಮಸುಮ್ಮನ ಜಗಳಾ ತಗದೆ, ಉಪ್ಪಿನ ಸಲುವಾಗಿ ಒಮ್ಮಿ, ಕೌದಿ ಸಲುವಾಗಿ ಒಮ್ಮಿ. ಉಪ್ಪಿಂದೂ ಅಲ್ಲ ಕೌದೀದೂ ಅಲ್ಲ ಅಂತ ನಿನಗ ತಿಳದಿತ್ತು.

ಅದಕ್ಕ ಅಲ್ಲೇನು ಸಪ್ಟಂಬರ ಕಡೀಕ ನೀ ಬೋರ್ಡಿಂಗಿನ ಕೆಲಸ ಹಿಡಕೊಂಡು ಹೋದದ್ದು. "ನಾ ಇದ್ದರ ಅಕಿ ನಿನ್ನ ಕಡೆ ಬರಂಗಿಲ್ಲ, ನಾ ಹೋದ ಮ್ಯಾಲ ಬರತಾಳ, ಊರಿಗೆ ಬಂದಾಕಿ ನೀರಿಗೆ ಬರದೆ ಇರತಾಳೇನು" ಅಂತ ನಕ್ಕಿ. ನಾ ಒಂದು ಸಲನೂ ಬ್ಯಾಡ ಅನಲಿಲ್ಲ. ಟೇಶನ್ನಿನ್ಯಾಗ ಹುಡುಗಿ ನಿನ್ನ ಸೆರಗ ಬಿಡವಲ್ದು. ನೀ ಬಗ್ಗಿ ಅಕಿ ಕಿವ್ಯಾಗ ಏನೋ ಹೇಳಿದಿ. ಅಕಿ ನಿನ್ನ ಮಾರಿ ನೋಡಿದಳು, ನನ್ನ ಮಾರಿ ನೋಡಿದಳು, ಸೆರಗ ಬಿಟ್ಟಳು. ಏನು ಹೇಳಿದಿ ಅಂತ ನಾ ಕೇಳಲಿಲ್ಲ. ಗಾಡಿ ಹೋದ ಮ್ಯಾಲ ಮನಿ ತನಕ ಅಕಿ ನನ್ನ ಹಿಂದ ಹತ್ತು ಮಾರು ದೂರಲೆ ನಡಕೋತ ಬಂದಳು. ಅಳಲಿಲ್ಲ. ಅತ್ತಿದ್ದರ ಎತ್ತಿಕೊಳ್ಳತಿದ್ದೆ.

ಹೋದ ವಾರ ಬಾಜು ಮನಿ ಬಿಸ್ಮಿಲ್ಲಾಬೀ ಖಾಲಾಗ ಜ್ವರ ಅಂತ ನೋಡಲಿಕ್ಕೆ ಹೋಗಿದ್ದೆ. ನಾಡಿ ಹಿಡದು ಕೂತಾಗ ಅಕಿ ಎಲ್ಲಾ ಹೇಳಿದಳು. ನೀ ನನಗ ಹೇಳಲಾರದ್ದು. ಮೊದಲ ರಜಾಕಾರರ ಲಾರಿಗೆ ಅಂಜಿ ಓಣಿ ಮಂದಿ ಬಾಗಲಾ ಹಾಕ್ಕೋತಿದ್ದರಂತ. ಹೋದ ವರ್ಷ ಹಿಂದುಸ್ತಾನದ ಫೌಜು ಬಂದು ನಿಜಾಮರ ಸರ್ಕಾರ ಬಿದ್ದ ವಾರ ಆ ಅಂಜಿಕಿ ಇನ್ನೊಂದು ಕಡೆ ಹೊಳ್ಳಿತಂತ. ಬಡಿಗಿ ಹಿಡಕೊಂಡು ಮಂದಿ ಮುಸಲರ ಮನಿ ಹುಡಕೋತ ಬಂದರು. ನೀ ಖಾಲಾನ್ನ ಮತ್ತ ಅಕಿ ಸೊಸಿನ್ನ ಹಿಂದಿನ ಬಾಗಲಿಲೆ ಕರಕೊಂಡು ಬಂದು, ಪಡಸಾಲ್ಯಾಗಿನ ಜ್ವಾಳದ ಹಗೇವು ಖಾಲಿ ಇತ್ತಲ್ಲ, ಆ ನೆಲದ ಕುಣಿಯೊಳಗ ಇಳಿಸಿದಿ. ಬಾಯಿಗೆ ಕಲ್ಲ ಸರಿಸಿ, ಗಾಳಿಗೆ ನಾಕ ಬೆರಳ ಸಂದಿ ಬಿಟ್ಟು, ಮ್ಯಾಲ ಚಾಪಿ ಹಾಸಿ, ಚಾಪಿ ಮ್ಯಾಲ ಸುವಾರ್ತಾನ್ನ ಕೂಡಿಸಿದಿ. ಏನಾದರೂ ಏಳಬ್ಯಾಡ, ಬಾಯಿ ಬಿಡಬ್ಯಾಡ ಅಂದಿ. ಆಮ್ಯಾಲ ಬಾಗಲಾ ಬಡದರು. ಅಟ್ಟ ನೋಡಿದರು, ಹಿತ್ತಲ ನೋಡಿದರು. ಒಬ್ಬಾವ ಬಂದು ಏಳಲೇ ಅಂತ ಹುಡುಗಿ ರಟ್ಟಿ ಹಿಡದು ಜಗ್ಗಿದ. ಏಳಲಿಲ್ಲ. ಕೂತಲ್ಲೇ ಉಚ್ಚಿ ಹೊಯ್ಕೊಂಡಳು. ಅವ ಥೂ ಅಂದು ಕೈ ಬಿಟ್ಟು ಹೊರಗ ಹ್ವಾದ. "ಆ ನೀರು ಚಾಪಿ ದಾಟಿ ಸಂದಿಲಿಂದ ನನ್ನ ಮಾರಿ ಮ್ಯಾಲ ಬಿತ್ತು, ಬೇಟಿ, ಅದು ನನಗ ಹಾಜಿಗಳು ತರೂ ಝಮ್‌ಝಮ್ ತೀರ್ಥ ಇದ್ದಂಗ" ಅಂದಳು ಖಾಲಾ, ಅಳಕೋತ.

ನನ್ನ ಕೈಯಾಗ ಅಕಿ ನಾಡಿ ಇತ್ತು, ಎಣಿಕಿ ತಪ್ಪಿತು. ಅದ ಚಾಪಿ, ಅದ ಮೂಲಿ, ಅದ ರಟ್ಟಿ. ಆ ಬಡಿಗಿ ಮಂದಿ ಮಾಡಿದ್ದನ್ನ ಹಡದ ತಾಯಿ ನಾನ ಬೂಟ ಹಾಕ್ಕೊಂಡು ಬಂದು ಮತ್ತೊಮ್ಮಿ ಮಾಡಿದೆ. ಮ್ಯಾಲ ನಾಚಿಕಿ ಇಲ್ಲೇನು ಅಂತ ಕೇಳಿದೆ. ಖಾಲಾ ನನ್ನ ಕೈ ಹಿಡದು ಬ್ಯಾರೆ ಕೇಳಿದಳು. ಆ ವಾರ ಭಾಲ್ಕಿಗೆ ಹೋದ ಅಕಿ ಮಗ ಮಕ್ಸೂದ ಇನ್ನೂ ತಿರುಗಿ ಬಂದಿಲ್ಲ. ಭಾಳ ಮಂದಿ ಹಡಗ ಹತ್ತಿ ಹೋಗ್ಯಾರಂತಲ್ಲ, ಬಸ್ರಾದಾಗ ಎಲ್ಲೆರೆ ಕಂಡನೇನು ಅಂದಳು. ಬಸ್ರಾ ಭಾಳ ದೊಡ್ಡದು ಖಾಲಾ, ಎಲ್ಲಾರೂ ಕಣ್ಣಿಗೆ ಬೀಳಂಗಿಲ್ಲ ಅಂದೆ. ಅಷ್ಟಕ್ಕ ಅಕಿ ಸಮಾಧಾನ ಆದಳು. ನಾ ಮನಿಗೆ ಬಂದು ಬೂಟ ತಗದು ಪೆಟಿಗ್ಯಾಗ ಇಟ್ಟೆ. ಕಟ್ಟಿ ಮ್ಯಾಲ ನಿಂತು ಸುವಾರ್ತಾ, ಸುವಾರ್ತಾ, ಸುವಾರ್ತಾ ಅಂತ ಕರದೆ. ಚಿಲಕ ತಗದಳು. ನನ್ನ ಬರಿಗಾಲ ನೋಡಿದಳು. ಅವತ್ತಿಂದ ಹಂಗ ಕರದ ಬರತೇನಿ. ಚಾಪಿ ಮ್ಯಾಲ ಕೂತರ ನಾನೂ ಬಾಜೂಕ ಕೂಡತೇನಿ, ಏಳು ಅನ್ನೂದಿಲ್ಲ.

ಈಗ ಖುಷಿ ಸುದ್ದಿ ಕೇಳು, ಕಡೀಕ ಇಟ್ಟೇನಿ. ನಿನ್ನೆ ಆಯಿತವಾರ ಗುಡಿಯಿಂದ ಬಂದ ಮ್ಯಾಲ ಸುವಾರ್ತಾ ಬಾಚಣಿಕಿ ಎಣ್ಣಿ ಬಟ್ಟಲಾ ತಗೊಂಡು ತಾನ ನನ್ನ ಮುಂದ ಬಂದು ಕೂತಳು. ಕೂತು, ಅವ್ವಾ, ಎಣ್ಣಿ ಹಚ್ಚ್ರಿ ಅಂದಳು. ಬಟ್ಟಲಾ ತಗೊಂಡು ಎಣ್ಣಿ ಹಚ್ಚಿದೆ. ಜಡಿ ಹಾಕೂವಾಗ ಇನ್ನೊಮ್ಮಿ ಅವ್ವಾ ಅಂದಳು, ರಿಬ್ಬನ ಕಟ್ಟೂವಾಗ ಮತ್ತೊಮ್ಮಿ. ಮೂರೂ ಸಲ ಹೊಳ್ಳಿ ನನ್ನ ಮಾರಿ ನೋಡಿದಳು, ಕೇಳಿದೆನೋ ಇಲ್ಲೋ ಅಂತ. ಪಾಪ, ನಾಚಿಕಿ ಅದಕ್ಕ. ನಾ ಅಡಗಿ ಮನಿಗೆ ಹೋಗಿ ಹೊಗಿ ನೆಪ ಮಾಡಿ ಅತ್ತೆ. ಆರು ವರ್ಷದ್ದು ಎಲ್ಲಾ ಅತ್ತೆ.

ಅದಕ್ಕ ಅಕ್ಕಾ, ನೀ ಯಾವುದರ ಸಲುವಾಗಿ ಹೋದಿ ಅದು ಆತು. ನಿನ್ನ ಋಣ ಈ ಜನ್ಮದಾಗ ತೀರಂಗಿಲ್ಲ. ಒಂದು ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ. ಈ ಕ್ರಿಸ್ಮಸ್ಸಿಗೆ ನೀ ಬರಬ್ಯಾಡ. ಈಗ ಚಿಗರೂ ಸಸಿ ಅದು, ನಿನ್ನ ಕಂಡರ ಮತ್ತ ನಿನ್ನ ಕಡೆ ಬಾಗತದ. ಬ್ಯಾಸಗಿಗೆ ಬಾ, ಇಲ್ಲಂದ್ರ ಮುಂದಿನ ವರ್ಷ ಬಾ. ನನ್ನ ಹೊಟ್ಟಿ ಎಷ್ಟು ಸಣ್ಣದು ಅಂತ ನೀ ಅಂದರೂ ಅನ್ನು, ನನಗೂ ಗೊತ್ತದ.

ಬಿಸ್ಮಿಲ್ಲಾಬೀ ಖಾಲಾ ನಿನಗ ದುವಾ ಹೇಳ್ಯಾಳ. ಸಭಾಪಾಲಕರು ನಿನ್ನ ಕೇಳ್ಯಾರ. ಕಂಬಳಿ ಹೊಚ್ಚಿಕೊಂಡು ಮಲಗು, ಎಣ್ಣಿ ತಿಕ್ಕೋ. ಕರ್ತ ನಿನ್ನ ಕಾಯಲಿ.

ನಿನ್ನ ತಂಗಿ,
ಲಿಲ್ಲಿ

ತಾ.ಕ.: ಅಕ್ಕಾ, ಮ್ಯಾಲ ಬರದ ಕ್ರಿಸ್ಮಸ್ಸಿನ ಮಾತ ಓದಬ್ಯಾಡ, ಓದಿದ್ದರ ಮರತಬಿಡು. ಹರದು ಬ್ಯಾರೆ ಬರಿಯೂಣ ಅಂದ್ರ ಟಪಾಲ ಹೋಗೂ ಹೊತ್ತಾಗ್ಯಾದ. ಲಕೋಟಿ ಅಂಟಿಸಲಿಕ್ಕೆ ಎದ್ದರ ಸುವಾರ್ತಾ ಒಳಗಿಲ್ಲ. ಹೊರಗ ಕಟ್ಟಿ ಮ್ಯಾಲ ಕೂತಾಳ. ಸಾಲಿಗೆ ಹೋಗಿಲ್ಲ, ಆಯಿತವಾರದ ಲಂಗಾ ಹಾಕ್ಕೊಂಡಾಳ, ಟೇಶನ್ನಿನ ದಾರಿ ನೋಡಲಿಕ್ಕೆ ಹತ್ಯಾಳ. ಮುಂಜಾನಿಂದ ಕೂತಾಳಂತ, ನಾ ಒಳಗ ನನ್ನ ಖುಷಿ ಬರಕೋತ ಕೂತಿದ್ದೆ. ಯಾಕ ಇಲ್ಲಿ ಅಂದೆ. "ಅಕಿನ್ನ ಅವ್ವ ಅಂತ ಕರದ ಮರುದಿವಸದ ಗಾಡಿಗೆ ಬರತೇನಿ ಅಂತ ಟೇಶನ್ನಿನ್ಯಾಗ ನನ್ನ ಕಿವ್ಯಾಗ ಹೇಳ್ಯಾಳ್ರಿ. ನಾ ನಿನ್ನೆ ಮೂರು ಸಲ ಕರದೇನಿ. ಗಾಡಿ ಬಂದು ಹೋತು, ಬಂದಿಲ್ರಿ. ನೀವು ಕೇಳೀರಲ್ರಿ ನರ್ಸಬಾಯಿ, ನೀವ ಬರದು ಹಾಕ್ರಿ, ನಾ ಹೇಳಿದರ ಅಕಿ ನಂಬಲಿಕ್ಕಿಲ್ಲ" ಅಂದಳು.

ಬರೀತೇನಿ ಅಂತ ಮಾತ ಕೊಟ್ಟೇನಿ, ಬರದೇನಿ. ಕರದದ್ದು ಖರೇ ಅಕ್ಕಾ, ಮೂರು ಸಲ, ನನ್ನ ಕಿವೀಲೆ ಕೇಳೇನಿ. ಈ ಪತ್ರ ಮುಟ್ಟಿದ ಗಾಡಿಗೆ ಬಾ. ಬಂದು ಕಟ್ಟಿ ಮ್ಯಾಲ ನಿಂತು ಅಕಿ ಹೆಸರ ಕರಿ. ಚಿಲಕ ಅಕಿನ ತಗೀಲಿ, ನಾ ಒಳಗ ಇರತೇನಿ.