ತಮ್ಮ ಹೆಸರಿನ ರೋಗಿ

ಶಿಕಾರಿಪುರ
ಭಾನುವಾರ

ಪೂಜ್ಯ ಮಾವನವರಿಗೆ ಸೊಸೆ ಶಿವಲೀಲಾಳ ಶರಣು.

ಮದುವೆಯಿಂದ ನಿಂತುಹೋಗಿದ್ದ ನನ್ನ ನರ್ಸಿಂಗ್ ಓದನ್ನು ಇಷ್ಟು ವರ್ಷಗಳ ಮೇಲೆ ಮುಂದುವರಿಸಲು ಕಳುಹಿಸಿದವರು ತಾವು. ಈ ಸಲದ ಪರೀಕ್ಷೆಯಲ್ಲೂ ತರಗತಿಗೆ ನಾನೇ ಮೊದಲು. ಆದರೂ ಊರಿಗೆ ಮರಳಿಬಿಡಲೇ ಎಂಬ ಗೊಂದಲದಲ್ಲಿದ್ದೇನೆ.

ಮಾತ್ರೆ ಕೊಡುವ ಮುನ್ನ ರೋಗಿಯನ್ನು ಹೆಸರು ಹಿಡಿದು ಕರೆಯಬೇಕೆಂಬುದು ನಮ್ಮ ಮೊದಲ ಪಾಠ. ನಿನ್ನೆ ವಾರ್ಡಿನಲ್ಲಿ ನನ್ನ ಪಾಲಿಗೆ ಬಂದ ಉಡುತಡಿಯ ಹಿರಿಯರ ಹೆಸರೂ ತಮ್ಮ ಹೆಸರೂ ಒಂದೇ. ಮಾವನ ಹೆಸರು ಬಾಯಿಗೆ ಬರಲಿಲ್ಲ. "ಅಜ್ಜಾರೇ" ಎಂದೆ. ಪಕ್ಕದ ಮಂಚದವರು "ಕೊಡವ್ವಾ" ಎಂದು ಕೈಯೊಡ್ಡಿದರು, ಕೊಟ್ಟುಬಿಟ್ಟೆ. ಹಿರಿಯ ಸಿಸ್ಟರ್ ಓಡಿಬಂದು ಅದನ್ನು ಕಸಿದುಕೊಂಡರು.

"ಪರೀಕ್ಷೇಲಿ ಫಸ್ಟು, ಪೇಷೆಂಟ್ ಹೆಸರು ಕರಿಯಾಕೆ ಬಾಯಿಲ್ಲೇನಮ್ಮಾ? ಇನ್ನೊಂದ್ ಸಲ ಹಿಂಗಾದ್ರೆ ಮನೆಗೆ ನಡಿ!"

ತಮ್ಮ ಹೆಸರು ಹೇಳಬಾರದೆಂದು ತಾವು ಎಂದೂ ಅಂದವರಲ್ಲ. ಹಾಗಾದರೆ ನನ್ನನ್ನು ತಡೆದದ್ದು ಗೌರವವೋ, ಈ ಕೆಲಸ ನನ್ನಿಂದಾಗದೆಂಬ ಅಳುಕೋ, ತಿಳಿಯುತ್ತಿಲ್ಲ. ಫೋನಿನಲ್ಲಿ ತಮ್ಮೊಡನೆ ಇಷ್ಟು ಮಾತಾಡಲಾರೆ.

ನಾಳೆ ಮತ್ತೆ ಅದೇ ಮಂಚದ ಮುಂದೆ ನಿಲ್ಲಬೇಕು. ಈ ಪತ್ರ ತಲುಪುವ ಮೊದಲೇ ಅವರನ್ನು ಕರೆದಿರುತ್ತೇನೆ, ಅಥವಾ ಗಂಟು ಕಟ್ಟಿಕೊಂಡು ಜಡೆಗೆ ಹೊರಟ ಬಸ್ಸಿನಲ್ಲಿರುತ್ತೇನೆ. ಅತ್ತೆಯವರಿಗೆ ಸದ್ಯ ಹೇಳಬೇಡಿ.

ಇದುವರೆಗೆ ಮನೆಯ ಕಾಗದಗಳ ವಿಳಾಸವನ್ನು ಬೇರೆಯವರಿಂದ ಬರೆಸುತ್ತಿದ್ದೆ. ಇಂದು ನಾನೇ ಬರೆದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ತಮ್ಮ ಸೊಸೆ,
ಶಿವಲೀಲಾ

ಗೆ,
ಶ್ರೀ ಸದಾಶಿವಪ್ಪನವರು
ಜಡೆ, ಸೊರಬ ತಾಲ್ಲೂಕು